ಚಿತ್ರದುರ್ಗ ಸೀಮೆಯ ಅಂಕಿತನಾಮಗಳು

ಕನ್ನಡ ವೈಯಾಕರಣರು ನಾಮಪದಗಳನ್ನು ರೂಢ, ಅನ್ವರ್ಥ, ಅಂಕಿತಗಳೆಂದು ವಿಂಗಡಿಸಿರುವರು. ಅಂಕಿತವು ವ್ಯವಹಾರಕ್ಕಾಗಿ ಇಟ್ಟ ಗುರುತು ಮಾತ್ರವೆಂದು ತೋರಿದರೂ, ಅದರ ಮೂಲವನ್ನು ಶೋಧಿಸಿದರೆ ಹೆಸರಿಟ್ಟವರ ದೈವ, ವಲಸೆ, ಭಯಗಳೆಲ್ಲ ಗೋಚರವಾಗುವುವು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ರೂಢವಾಗಿರುವ ಹೆಸರುಗಳು ಇದಕ್ಕೆ ನಿದರ್ಶನಗಳಾಗಿವೆ.

ಕ್ರಿ. ಶ. ೧೫೬೮ರಲ್ಲಿ ದುರ್ಗದ ಪಾಳೆಯಪಟ್ಟಿಗೆ ಮೊದಲಿಗನಾದವನು ಮತ್ತಿ ತಿಮ್ಮಣ್ಣನಾಯಕ; ಅವನ ಮಗನು ಓಬಣ್ಣನಾಯಕ; ತರುವಾಯದವನು ಕಸ್ತೂರಿ ರಂಗಪ್ಪನಾಯಕ. 'ತಿಮ್ಮ'ನು ತಿರುಮಲೆಯ ದೇವನೆಂದೂ, 'ಓಬ'ನು ಅಹೋಬಲದ ನರಸಿಂಹನೆಂದೂ ವಿದ್ವನ್ಮತ. 'ರಂಗ'ನು ಶ್ರೀರಂಗದವನೆಂಬುದು ಸ್ಪಷ್ಟ. ಕೋಟೆಯೊಳಗಾದರೋ ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿಯರು ಪ್ರಧಾನರು. ಶೈವಸನ್ನಿಧಿಯಲ್ಲಿ ಆಳಿದವರಿಗೆ ವೈಷ್ಣವನಾಮಗಳು ಹೇಗೆ ಬಂದುವು? ನಾಯಕರ ಪೂರ್ವಿಕರು ತಿರುಪತಿಯ ಕಡೆಯಿಂದ ಬಂದು ಭರಮಸಾಗರದ ಬಳಿಯ ನೀರ್ತಡಿಯಲ್ಲಿ ನೆಲೆಸಿದರೆಂಬ ಐತಿಹ್ಯಕ್ಕೆ ಈ ಹೆಸರುಗಳು ಹೊಂದಿಕೊಳ್ಳುತ್ತವೆ. ಆದರೆ ವಿಜಯನಗರದ ಕಾಲದಲ್ಲಿ ತಿರುಪತಿ, ಅಹೋಬಲಗಳ ಭಕ್ತಿಯು ನಾಡೆಲ್ಲ ಹಬ್ಬಿದ್ದುದರಿಂದ, ಹೆಸರೊಂದೇ ವಲಸೆಗೆ ಪ್ರಮಾಣವಾಗಲಾರದು. ಐತಿಹ್ಯಕ್ಕೆ ಪೋಷಕವಾದೀತು, ಅಷ್ಟೆ.

'ಮದಕರಿ' ಎಂಬುದರ ವಿಚಾರ ಬೇರೆ. ಮದಿಸಿದ ಆನೆಯನ್ನು ಪಳಗಿಸಿದುದರಿಂದ ಈ ಹೆಸರು ಬಂದಿತೆಂದು ಹೇಳುವುದುಂಟು. ಸಮಾಸವನ್ನು ಬಿಡಿಸಿದರೆ ಇಲ್ಲಿ ಪಳಗಿಸಿದವನ ಸೂಚನೆಯೇ ಇಲ್ಲ; ಮದಿಸಿದ ಆನೆಯೇ ಪದದ ಅರ್ಥ. 'ಮೆದಕೇರಿ' ಎಂಬ ರೂಪವೂ ಬಳಕೆಯಲ್ಲಿರುವುದರಿಂದ, ಸಂಸ್ಕೃತದ ಅರ್ಥವನ್ನು ಆಧರಿಸಿ ಕಥೆಯನ್ನು ಕಟ್ಟಿದರೋ ಎಂಬ ಶಂಕೆಗೆ ಎಡೆಯುಂಟು.

೧೬೮೯ರಿಂದ ೧೭೨೧ರವರೆಗೆ ಆಳಿದ ಭರಮಣ್ಣನಾಯಕನ ಹೆಸರಿನಲ್ಲಿರುವುದು ಬ್ರಹ್ಮಶಬ್ದ. ಇದೇ ಶಬ್ದವು ಹಳಗನ್ನಡದಲ್ಲಿ 'ಬೊಮ್ಮ'ವಾಯಿತು. ಇಲ್ಲಿ ಒತ್ತಕ್ಷರವು ಬಿಡಿಸಿಕೊಂಡು 'ಭರಮ'ವಾಯಿತು. ೧೬೭೫ರಲ್ಲಿ ಹೊಸದುರ್ಗದ ಕೋಟೆಯನ್ನು ಕಟ್ಟಿಸಿದ ಚಿಕ್ಕಣ್ಣನಾಯಕನ ಹೆಸರು ದೈವವಾಚಕವಲ್ಲ. ಮನೆಯೊಳಗಿನ ಹಿರಿಕಿರಿತನವನ್ನು ಹೇಳುವಂಥದು. ಹಿರಿಯೂರಿನ ತೇರುಮಲ್ಲೇಶ್ವರನನ್ನು ನೆನೆಸಿಕೊಂಡರೆ ಮಲ್ಲಣ್ಣ, ಮಲ್ಲೇಶಪ್ಪ ಎಂಬ ಹೆಸರುಗಳಿಗೆ ವ್ಯಾಖ್ಯಾನವೇ ಬೇಕಿಲ್ಲ.

'ತಿಪ್ಪ' ಎಂಬ ಹೆಸರು ವಿಚಾರಾರ್ಹವಾದುದು. ಹುಟ್ಟಿದ ಮಕ್ಕಳು ಉಳಿಯದಿದ್ದಾಗ ಮುಂದಿನ ಕೂಸಿಗೆ ತಿಪ್ಪ, ಗುಂಡ ಎಂಬ ಹೀನನಾಮವನ್ನಿಟ್ಟು ಮೃತ್ಯುವಿನ ಕಣ್ಣು ತಪ್ಪಿಸುವುದು ಜನರ ನಂಬಿಕೆ. ರಷ್ಯಾ ದೇಶದಲ್ಲಿಯೂ ಹಿಂದೆ 'ನೆಕ್ರಾಸ್', ಎಂದರೆ 'ಚೆಲುವಿಲ್ಲದವನು', ಎಂದು ಮಗುವಿಗೆ ಹೆಸರಿಡುತ್ತಿದ್ದರು. ನೆಕ್ರಾಸೊವ್ ಎಂಬ ಕುಲನಾಮವು ಅದರಿಂದಲೇ ಬಂದುದು. ದೇಶಭಾಷೆಗಳು ಬೇರೆಯಾದರೂ ತಾಯಿಯ ಅಳಲು ಒಂದೇ. ಈ ಸೀಮೆಯಲ್ಲಾದರೋ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳ ಮಹಿಮೆಯಿಂದ ಹೀನನಾಮವೇ ಪೂಜ್ಯನಾಮವಾಯಿತು. ತಿಪ್ಪೇಸ್ವಾಮಿ ಎಂದು ಹೆಸರಿಡುವವರು ಈಗ ಮೃತ್ಯುವಿಗೆ ಅಂಜಿ ಇಡುವುದಿಲ್ಲ, ಗುರುವಿಗೆ ಮಣಿದು ಇಡುತ್ತಾರೆ.

ರಷ್ಯನರ 'ಇವಾನ್' ಎಂಬುದು ಹೀಬ್ರೂ ಭಾಷೆಯ 'ಯೋಹಾನಾನ್' ಎಂಬುದರಿಂದ ಗ್ರೀಕಿನ ಮೂಲಕ ಬಂದುದು. ಅದನ್ನು ತಿದ್ದಿ ಮೂಲರೂಪಕ್ಕೆ ಒಯ್ಯಬೇಕೆಂದು ಯಾರೂ ಹೇಳರು. ನಮ್ಮಲ್ಲಾದರೋ ಓಬಯ್ಯನನ್ನು ಅಹೋಬಲಯ್ಯನೆಂದೂ, ಭರಮಪ್ಪನನ್ನು ಬ್ರಹ್ಮಪ್ಪನೆಂದೂ ತಿದ್ದಿ ಬರೆಯುವ ಚಾಪಲ್ಯವುಂಟು. ಹಾಗೆ ತಿದ್ದಿದಾಗ ಮೂಲವು ತಿಳಿದೀತು, ಬಂದ ದಾರಿಯು ಅಳಿಸಿಹೋಗುವುದು. ಹೈದರಾಲಿಯ ಸೈನಿಕರನ್ನು ಒನಕೆಯಿಂದ ಬಡಿದಳೆಂದು ಪ್ರಸಿದ್ಧಳಾದವಳನ್ನು ಜನರು ಓಬವ್ವ ಎಂದೇ ಕರೆದರು. ಆ ಮೂರಕ್ಷರಗಳಲ್ಲಿ ಅಹೋಬಲದ ದೇವನೂ ಇದ್ದಾನೆ, ದುರ್ಗದ ಜನರ ನಾಲಗೆಯೂ ಇದೆ. ಆದುದರಿಂದ ಶಾಸನ, ಬಖೈರು, ಜನಪದಗಳಲ್ಲಿನ ಹೆಸರುಗಳನ್ನು ಉಚ್ಚಾರಣೆಯಿದ್ದಂತೆಯೇ ಬರೆದುಕೊಳ್ಳುವುದು ಸಂಶೋಧಕರ ಮೊದಲ ಧರ್ಮ. ವ್ಯುತ್ಪತ್ತಿಯನ್ನು ಹೇಳುವುದು ಎರಡನೆಯದು.