ವಕಾಲತ್ತು ಕೊಟ್ಟವರು ಯಾರು?

ಭಾರತದ ಕಾನೂನಿನಲ್ಲಿ ‘ವಕೀಲ’ ಎಂಬ ದರ್ಜೆ ಈಗಿಲ್ಲ. ಬ್ಯಾರಿಸ್ಟರ್, ವಕೀಲ, ಪ್ಲೀಡರ್ ಎಂದು ಬೇರೆ ಬೇರೆ ಮೆಟ್ಟಿಲುಗಳ ಮೇಲೆ ನಿಂತಿದ್ದವರನ್ನು 1961ರ ಅಡ್ವೊಕೇಟ್ಸ್ ಕಾಯ್ದೆ ಒಂದೇ ಸಾಲಿಗೆ ತಂದು ಎಲ್ಲರಿಗೂ ಅಡ್ವೊಕೇಟ್ ಎಂದು ಹೆಸರಿಟ್ಟಿತು. ಆದರೂ ನಮ್ಮ ತಾಲ್ಲೂಕು ಕೋರ್ಟುಗಳ ಪಕ್ಕದಲ್ಲಿರುವುದು ವಕೀಲರ ಸಂಘವೇ. ಜಮೀನಿನ ತಕರಾರು ಹೊತ್ತವರು ಬೆಳಗಿನ ಬಸ್ಸಿಗೆ ಬಂದು ವಿಚಾರಿಸುವುದೂ ವಕೀಲರ ಮನೆಯನ್ನೇ. ಅಲ್ಲಿ ಮೊದಲು ಸಹಿಯಾಗುವುದು ವಕಾಲತ್ತುನಾಮೆ. ಇಂಥವರು ನನ್ನ ಪರವಾಗಿ ಹಾಜರಾಗಲಿ, ವಾದಿಸಲಿ, ರಾಜಿಯಾದರೆ ಒಪ್ಪಲಿ ಎಂದು ಬರೆದ ಹಾಳೆಯ ಕೆಳಗೆ ಕಕ್ಷಿದಾರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುತ್ತಾನೆ. ಅಲ್ಲಿಯವರೆಗೆ ಎಂಥ ವಾಗ್ಮಿಯೂ ಆ ಮೊಕದ್ದಮೆಯಲ್ಲಿ ಹೊರಗಿನವನೇ.

ಕೋರ್ಟಿನ ಹೊರಗೂ ಈ ಮಾತು ಚೆನ್ನಾಗಿ ಬೇರು ಬಿಟ್ಟಿದೆ. ಅಣ್ಣತಮ್ಮಂದಿರ ಜಗಳದಲ್ಲಿ ಮೂರನೆಯವನು ಬಾಯಿ ಹಾಕಿದರೆ ‘ಅವನ ಪರ ವಕಾಲತ್ತು ವಹಿಸಬೇಡ’ ಎನ್ನುತ್ತೇವೆ. ಸಿಟ್ಟು ಇನ್ನೂ ಏರಿದ್ದರೆ, ‘ನಿನಗೆ ವಕಾಲತ್ತು ಕೊಟ್ಟವರು ಯಾರು?’ ಎಂದು ಕೇಳುತ್ತೇವೆ. ಈ ಪದದ ತಿರುಳೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಒಂದು ಧರ್ಮದ ಅಲ್ಪಸಂಖ್ಯಾತರ ಪರವಾಗಿ ಒಬ್ಬ ವ್ಯಕ್ತಿ ಎದ್ದು ನಿಂತಾಗ, ಅದರಲ್ಲೂ ಆತ ಆ ಧರ್ಮಕ್ಕೆ ಹೊಸದಾಗಿ ಬಂದವನಾಗಿದ್ದಾಗ, ಈ ಪ್ರಶ್ನೆ ಎಷ್ಟು ತೀಕ್ಷ್ಣವಾಗುತ್ತದೆ ಎಂಬುದನ್ನು ನೋಡಲು ನಾನು ಈ ಪದದ ಜಾಡು ಹಿಡಿದು ಇಂಗ್ಲೆಂಡಿನ ಲಿವರ್‌ಪೂಲ್‌ವರೆಗೆ ಹೋಗಬೇಕೆಂದಿದ್ದೇನೆ.

ಪದ ಅರಬಿಯದು. ವ, ಕ, ಲ ಎಂಬ ಮೂರು ವ್ಯಂಜನಗಳ ಧಾತುವಿಗೆ ಒಪ್ಪಿಸು, ವಹಿಸಿಕೊಡು ಎಂಬ ಅರ್ಥ. ಎಲ್ಲವನ್ನೂ ದೇವರಿಗೆ ಒಪ್ಪಿಸಿ ನಿಶ್ಚಿಂತನಾಗುವುದಕ್ಕೆ ಸೂಫಿಗಳು ಹೇಳುವ ‘ತವಕ್ಕುಲ್’ ಇದೇ ಧಾತುವಿನ ಕುಡಿ. ದೇವರ ತೊಂಬತ್ತೊಂಬತ್ತು ಹೆಸರುಗಳಲ್ಲಿ ‘ಅಲ್-ವಕೀಲ್’ ಕೂಡ ಒಂದು. ನೆಚ್ಚಿ ಒಪ್ಪಿಸಬಹುದಾದವನು ಎಂದರ್ಥ. ಇಸ್ಲಾಮೀ ಧರ್ಮಶಾಸ್ತ್ರ ಈ ಪದವನ್ನು ಆಕಾಶದಿಂದ ಅಂಗಡಿಬೀದಿಗೆ ಇಳಿಸಿತು. ಕೆಲಸ ಒಪ್ಪಿಸುವವನು ಮುವಕ್ಕಿಲ್, ಒಪ್ಪಿಕೊಳ್ಳುವವನು ವಕೀಲ. ಮುವಕ್ಕಿಲ್ ತನಗೆ ಬೇಡವೆನಿಸಿದಾಗ ವಕೀಲನನ್ನು ಬಿಡಿಸಬಹುದು. ಅವನು ಸತ್ತರೆ ವಕಾಲತ್ತೂ ಬಿದ್ದುಹೋಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ದಖ್ಖನಿ ಮಾತಾಡುವ ಮನೆಯೊಂದರ ನಿಕಾಹ್‌ಗೆ ಹೋಗಬೇಕು. ಗಂಡಿನ ಕಡೆಯವರೆಲ್ಲ ಹೊರಗೆ ಖಾಜಿಯ ಸುತ್ತ ಕುಳಿತಿರುತ್ತಾರೆ. ವಧುವಿನ ವಕೀಲನಾಗಿ ಗೊತ್ತಾದ ಹಿರಿಯ, ಹೆಚ್ಚಾಗಿ ಸೋದರಮಾವನೋ ಚಿಕ್ಕಪ್ಪನೋ, ಇಬ್ಬರು ಸಾಕ್ಷಿಗಳೊಂದಿಗೆ ಒಳಕೋಣೆಗೆ ಹೋಗುತ್ತಾನೆ. ವರನ ಹೆಸರು, ಅವನ ತಂದೆಯ ಹೆಸರು, ಮೆಹರ್ ಎಷ್ಟು ಎಂಬುದನ್ನು ಹೇಳಿ ಒಪ್ಪಿಗೆಯೇ ಎಂದು ಕೇಳುತ್ತಾನೆ. ಹೊರಗೆ ನೂರು ಜನ ಕಾದಿದ್ದರೂ, ಬಿರಿಯಾನಿ ಹಂಡೆಯ ಮುಚ್ಚಳ ತೆಗೆಯುವ ಹೊತ್ತಾಗಿದ್ದರೂ, ಆ ಹುಡುಗಿಯ ಬಾಯಿಂದ ಒಪ್ಪಿಗೆ ಬರದೆ ಅವನು ಹೊರಗೆ ಹೋಗಿ ‘ಒಪ್ಪಿದ್ದಾಳೆ’ ಎನ್ನುವಂತಿಲ್ಲ. ವಕೀಲನ ಬಲ ಪೂರ್ತಿಯಾಗಿ ಒಳಗಿನಿಂದ ಬಂದದ್ದು. ಅಲ್ಲಿ ಅವಳು ಕೊಟ್ಟದ್ದಕ್ಕಿಂತ ಒಂದು ಮಾತನ್ನೂ ಹೆಚ್ಚಿಗೆ ಆಡಲು ಅವನಿಗೆ ಹಕ್ಕಿಲ್ಲ.

ಅಲ್ಪಸಂಖ್ಯಾತರಿಗೂ ಈ ಪದಕ್ಕೂ ಗಂಟು ಬಿದ್ದದ್ದು ಬಹಳ ಹಿಂದೆ, ಮತ್ತು ಆ ಕಥೆಯ ಒಂದು ತುದಿ ನಮ್ಮ ಮಂಗಳೂರಿನಲ್ಲೇ ಇದೆ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಹದಿನೇಳು ವರ್ಷದಷ್ಟು ಕಾಲ ಈ ಕರಾವಳಿಯಲ್ಲಿ ನೆಲೆಸಿದ್ದ. ಅವನಿಗೆ ಏಡನ್‌ನಿಂದ ಕಾಗದ ಬರೆಯುತ್ತಿದ್ದವನು ಮದ್‌ಮೂನ್. ಕೈರೋದ ಹಳೆಯ ಸಿನಗಾಗ್‌ನಲ್ಲಿ ಉಳಿದು ಈಗ ಬಹುಪಾಲು ಕೇಂಬ್ರಿಜ್‌ನಲ್ಲಿರುವ ಗೆನಿಜಾ ಪತ್ರರಾಶಿಯಲ್ಲಿ ಅವರ ಲೆಕ್ಕಾಚಾರವೆಲ್ಲ ಸಿಕ್ಕಿದೆ. ಈ ಮದ್‌ಮೂನ್ ‘ವಕೀಲ್ ಅಲ್-ತುಜ್ಜಾರ್’, ವರ್ತಕರ ವಕೀಲ. ಪರಸ್ಥಳದ ವರ್ತಕರ ಸರಕನ್ನು ಕಾಯುವುದು, ಅವರ ಪರವಾಗಿ ಖಾಜಿಯ ಮುಂದೆ ನಿಲ್ಲುವುದು, ಯಾರಾದರೂ ಕಡಲಲ್ಲಿ ಸತ್ತರೆ ವಾರಸುದಾರರು ಬರುವವರೆಗೆ ಆಸ್ತಿಯನ್ನು ಜೋಪಾನ ಮಾಡುವುದು ಇಂಥವರ ಕೆಲಸ. ಮುಸ್ಲಿಂ ಆಳ್ವಿಕೆಯ ಬಂದರಿನಲ್ಲಿ ಯಹೂದಿ ಸಮುದಾಯದ ಮುಖ್ಯಸ್ಥನೂ ಅವನೇ ಆಗಿದ್ದ. ಆ ಹೊತ್ತಿಗಾಗಲೇ ವಕೀಲ ಎಂದರೆ ಬಲಾಢ್ಯರಿಗೂ ಬಲವಿಲ್ಲದವರಿಗೂ ನಡುವೆ ನಿಂತ ಮನುಷ್ಯ.

ಮುಂದೆ ದೊರೆಗಳು ಈ ಪದವನ್ನು ಎತ್ತಿಕೊಂಡರು. ಮೊಗಲರಲ್ಲಿ ಬಾದಶಹನ ಪರವಾಗಿ ರಾಜ್ಯ ನಡೆಸುವವನು ವಕೀಲ. ಎಳೆಯ ಅಕ್ಬರನ ಪಾಲಿಗೆ ಬೈರಾಮ್ ಖಾನ್ ಅಂಥವನು. ಇರಾನಿನ ಕರೀಮ್ ಖಾನ್ ಜಂದ್ ಈ ಪದಕ್ಕೆ ನನಗೆ ತುಂಬ ಹಿಡಿಸುವ ತಿರುವು ಕೊಟ್ಟ. 18ನೇ ಶತಮಾನದಲ್ಲಿ ಇರಾನಿನ ಬಹುಭಾಗ ಅವನ ಕೈಯಲ್ಲಿತ್ತು, ಆದರೂ ಶಾ ಎಂದು ಕರೆಸಿಕೊಳ್ಳಲಿಲ್ಲ. ಪ್ರಜೆಗಳ ವಕೀಲ ಎನಿಸಿಕೊಂಡ. ಶಿರಾಜ್ ನಗರದ ವಕೀಲ್ ಬಜಾರ್, ವಕೀಲ್ ಮಸೀದಿಗಳು ಅವನ ಹೆಸರಿನವು. ಇವತ್ತಿಗೂ ತುರ್ಕಿ ಭಾಷೆಯಲ್ಲಿ ಸಂಸದನಿಗೆ ‘ಮಿಲ್ಲೆತ್‌ವೆಕಿಲಿ’ ಎನ್ನುತ್ತಾರೆ. ಜನತೆಯ ವಕೀಲ ಎಂಬುದೇ ಅದರ ಅರ್ಥ.

ಮೈಸೂರಿನಲ್ಲಿ ವಕೀಲನೆಂದರೆ ರಾಯಭಾರಿ. 1792ರಲ್ಲಿ ಟಿಪ್ಪು ತನ್ನ ಇಬ್ಬರು ಮಕ್ಕಳನ್ನು ಶ್ರೀರಂಗಪಟ್ಟಣದ ಕೋಟೆಯಿಂದ ಕಾರ್ನ್‌ವಾಲಿಸನ ಡೇರೆಗೆ ಒತ್ತೆಯಾಗಿ ಕಳಿಸಿದಾಗ ಅವರ ಕೈಹಿಡಿದು ಒಪ್ಪಿಸಿದವನು ಟಿಪ್ಪುವಿನ ವಕೀಲ ಗುಲಾಮ್ ಅಲಿ ಖಾನ್. ಮರುವರ್ಷವೇ, ಅಂದರೆ 1793ರಲ್ಲಿ, ಅದೇ ಕಾರ್ನ್‌ವಾಲಿಸನ ಸರ್ಕಾರ ಬಂಗಾಳದ ದಿವಾನಿ ಅದಾಲತ್ತುಗಳಿಗೆ ಒಂದು ನಿಯಮ ಮಾಡಿತು. ವಾದ ಮಾಡುವ ವಕೀಲರನ್ನು ಹೇಗೆ ನೇಮಿಸಬೇಕು, ಎಷ್ಟು ಫೀ ಕೊಡಬೇಕು ಎಂದೆಲ್ಲ ಅದರಲ್ಲಿತ್ತು. ಇಂದಿನ ಕೋರ್ಟಿನ ವಕೀಲನ ವಂಶ ಅಲ್ಲಿಂದ ಶುರು. ‘ದಾವೆ’ಯ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾವು ಕೋರ್ಟಿನಲ್ಲಿ ಹೂಡುವ ದಾವೆಯೂ, ಮುಸ್ಲಿಮರು ಧರ್ಮಕ್ಕೆ ಕರೆಯುವುದಕ್ಕೆ ಹೇಳುವ ‘ದಅವಾ’ವೂ ಕರೆ ಎಂಬ ಅರ್ಥದ ಒಂದೇ ಧಾತುವಿನಿಂದ ಹುಟ್ಟಿದವು.

ಲಿವರ್‌ಪೂಲ್‌ನ ವಿಲಿಯಂ ಹೆನ್ರಿ ಕ್ವಿಲಿಯಂ ಈ ಎರಡರಲ್ಲೂ ಪಳಗಿದವರು. 1856ರಲ್ಲಿ ಹುಟ್ಟಿದ್ದು, ಬೆಳೆದದ್ದು ಮೆಥಡಿಸ್ಟ್ ಮನೆಯಲ್ಲಿ, ಪಾನನಿರೋಧದ ಪ್ರಚಾರದ ನಡುವೆ. ವೃತ್ತಿ ಸಾಲಿಸಿಟರ್, ನಮ್ಮ ಮಾತಿನಲ್ಲಿ ವಕೀಲಿ. ಆರೋಗ್ಯ ಸುಧಾರಿಸಲೆಂದು ಮೊರೊಕ್ಕೊಗೆ ಹೋದಾಗ ಇಸ್ಲಾಮಿನ ಪರಿಚಯವಾಯಿತು. 1887ರಲ್ಲಿ ಬಹಿರಂಗವಾಗಿ ಅದನ್ನು ಸ್ವೀಕರಿಸಿ ಅಬ್ದುಲ್ಲಾ ಕ್ವಿಲಿಯಂ ಆದರು. 1889ರ ಕ್ರಿಸ್‌ಮಸ್ ದಿನ ಬ್ರೂಅಮ್ ಟೆರೇಸ್‌ನ 8ನೇ ನಂಬರಿನ ಮನೆಯಲ್ಲಿ ಅವರ ಲಿವರ್‌ಪೂಲ್ ಮುಸ್ಲಿಂ ಇನ್‌ಸ್ಟಿಟ್ಯೂಟ್ ನೆಲೆ ಕಂಡುಕೊಂಡಿತು. ಹಿಂಭಾಗದಲ್ಲಿ ಮಸೀದಿ, ಜೊತೆಗೆ ಶಾಲೆ, ಮುದ್ರಣಾಲಯ. 1893ರಿಂದ ‘ದಿ ಕ್ರೆಸೆಂಟ್’ ಎಂಬ ವಾರಪತ್ರಿಕೆ ಹೊರಡತೊಡಗಿತು. ಮುಂದೆ 1915ರಲ್ಲಿ ಕಾಬೂಲಿನ ತಾತ್ಕಾಲಿಕ ಭಾರತ ಸರ್ಕಾರದ ಪ್ರಧಾನಿಯಾದ ಭೋಪಾಲದ ಮೌಲವಿ ಬರ್ಕತುಲ್ಲಾ ಕೆಲಕಾಲ ಇಲ್ಲಿ ಕೆಲಸ ಮಾಡಿದ್ದರು. ಆಜಾನ್ ಕೂಗುವವರ ಮೇಲೆ ಬೀದಿಯ ಜನ ಕಲ್ಲು, ಕೆಸರು ಎಸೆದದ್ದೂ ಉಂಟು.

1894ರಲ್ಲಿ ಉಸ್ಮಾನಿ ಸುಲ್ತಾನ ಎರಡನೇ ಅಬ್ದುಲ್ ಹಮೀದನಿಂದ ಬಿರುದು ಬಂತು: ಬ್ರಿಟಿಷ್ ದ್ವೀಪಗಳ ಶೇಖ್-ಉಲ್-ಇಸ್ಲಾಂ. ಅದೇ ವರ್ಷ ಸುಲ್ತಾನನ ಪ್ರತಿನಿಧಿಯಾಗಿ ಕ್ವಿಲಿಯಂ ಲಾಗೋಸ್‌ಗೆ ಹೋಗಿ ಶಿಟ್ಟಾ ಬೇ ಮಸೀದಿಯ ಉದ್ಘಾಟನೆಯಲ್ಲಿ ಪಾಲ್ಗೊಂಡರು. 1895ರಲ್ಲಿ ಇಂಗ್ಲೆಂಡಿಗೆ ಬಂದಿದ್ದ ಅಫ್ಘಾನಿಸ್ತಾನದ ಅಮೀರನ ಮಗ ನಸ್ರುಲ್ಲಾ ಖಾನ್ 2,500 ಪೌಂಡ್ ಕೊಟ್ಟ. ಇರಾನಿನ ಶಾ ಅವರನ್ನು ಲಿವರ್‌ಪೂಲ್‌ನ ಉಪ ಕಾನ್ಸಲ್ ಮಾಡಿದ. ಮುಸ್ಲಿಂ ಜಗತ್ತಿನ ದೊರೆಗಳಿಂದ ಬಂದ ಮನ್ನಣೆಗೆ ಕೊರತೆಯಿರಲಿಲ್ಲ. ಆದರೆ ಅದೆಲ್ಲವೂ ಮೇಲಿನಿಂದ ಇಳಿದು ಬಂದದ್ದು. ಬ್ರಿಟನ್ನಿನ ಮುಸ್ಲಿಮರು ಕೂಡಿ ಕುಳಿತು ‘ಇವರು ನಮ್ಮ ವಕೀಲರು’ ಎಂದು ಆರಿಸಿದ ಪ್ರಸಂಗವಿಲ್ಲ.

ಹಾಗೆಂದು ಅವರಿಗೆ ವಕಾಲತ್ತೇ ಇರಲಿಲ್ಲವೆಂದು ನಾನು ಹೇಳಲಾರೆ. ಲಿವರ್‌ಪೂಲ್ ಆಗ ಸಾಮ್ರಾಜ್ಯದ ದೊಡ್ಡ ಬಂದರು. ಬಂಗಾಳ, ಗುಜರಾತ್, ಏಡನ್ ಕಡೆಯ ಖಲಾಸಿಗಳು ಹಡಗಿನ ಒಡಲಲ್ಲಿ ಕಲ್ಲಿದ್ದಲು ತುಂಬುತ್ತ ಬಂದು ಇಳಿಯುತ್ತಿದ್ದರು. ಚಳಿಗೆ, ಕ್ಷಯಕ್ಕೆ ಸಿಕ್ಕಿ ಅಲ್ಲೇ ಸಾಯುವವರಿದ್ದರು. ಅಂಥವರಿಗೆ ಜನಾಜಾ ನಮಾಜು ಮಾಡಿಸಿ ಮಣ್ಣು ಕೊಡಿಸಿದ್ದು ಇದೇ ಸಂಸ್ಥೆ. ಮದುವೆಗಳು ಇಲ್ಲಿ ನಡೆದವು. ದಿಕ್ಕಿಲ್ಲದ ಮಕ್ಕಳಿಗೆ ‘ಮದೀನಾ ಹೋಮ್’ ಎಂಬ ಮನೆ ತೆರೆಯಿತು. ಖಲಾಸಿ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿರಲಿಲ್ಲ ನಿಜ. ಆದರೆ ಹೆಣ ಹೊತ್ತುಕೊಂಡು ಅವನ ಸಂಗಡಿಗರು ಬಂದು ಬಾಗಿಲು ತಟ್ಟಿದಾಗ ಒಂದು ಕೆಲಸವನ್ನು ಒಪ್ಪಿಸಿದಂತಾಯಿತು. ನನ್ನ ಮಟ್ಟಿಗೆ ಕ್ವಿಲಿಯಂ ಅವರ ಗಟ್ಟಿಯಾದ ವಕಾಲತ್ತು ಅದು. ಇಸ್ತಾಂಬುಲ್ಲಿನಿಂದ ಬಂದ ಬಿರುದಿಗಿಂತ ಅದನ್ನು ನಾನು ಮೇಲೆ ಇಡುತ್ತೇನೆ.

ತೊಡಕು ಇನ್ನೊಂದು ಕಡೆಯಿಂದ ಬಂತು. 1896ರಲ್ಲಿ ಬ್ರಿಟನ್ ಸುಡಾನಿನ ಮೇಲೆ ಸೈನ್ಯ ನಡೆಸಲು ಹೊರಟಾಗ, ಮುಸ್ಲಿಮರು ಮುಸ್ಲಿಮರ ವಿರುದ್ಧ ಆಯುಧ ಹಿಡಿಯಬಾರದು, ಆ ದಂಡಯಾತ್ರೆಗೆ ನೆರವಾಗಬಾರದು ಎಂದು ಕ್ವಿಲಿಯಂ ಫತ್ವಾ ಹೊರಡಿಸಿದರು. ಅದೇ ವೇಳೆಗೆ ತಾವು ರಾಣಿ ವಿಕ್ಟೋರಿಯಾಳ ನಿಷ್ಠಾವಂತ ಪ್ರಜೆ ಎಂದೂ ಹೇಳಿಕೊಳ್ಳುತ್ತಿದ್ದರು. ರಾಣಿಗೂ ಸುಲ್ತಾನನಿಗೂ ಒಟ್ಟಿಗೆ ನಡೆದುಕೊಳ್ಳುವುದು ಇಬ್ಬರೂ ಮಿತ್ರರಾಗಿರುವವರೆಗೆ ಸಾಧ್ಯ. ಅವರಿಬ್ಬರ ದಾರಿ ಕವಲೊಡೆದ ದಿನ ಒಬ್ಬನೇ ವಕೀಲ ಎರಡೂ ಕಕ್ಷಿಯ ಪರ ನಿಂತಂತೆ. ಆ ಫತ್ವಾದಲ್ಲಿ ನೈತಿಕ ಧೈರ್ಯವಿತ್ತು. ವಸಾಹತು ಯುದ್ಧವನ್ನು ಸಾಮ್ರಾಜ್ಯದ ನೆತ್ತಿಯ ಮೇಲೇ ಕುಳಿತು ಪ್ರಶ್ನಿಸಿದವರು ಕಡಿಮೆ. ಆದರೆ ಅದರ ಬಿಸಿ ತಟ್ಟುವುದು ಬರೆದವರಿಗಷ್ಟೇ ಅಲ್ಲ. ಆ ಬೀದಿಗಳಲ್ಲಿ ಬಾಳಬೇಕಾದ ಬಡ ಮುಸ್ಲಿಮರಿಗೂ ತಟ್ಟುತ್ತದೆ. ಯೂರೋಪಿನಲ್ಲಿ ಈ ಪಾತ್ರ ವಹಿಸಿದ ಮತಾಂತರಿತರ ಕಷ್ಟವೇ ಇದು. ನೆಲದ ಭಾಷೆ ಅವರಿಗೆ ಹುಟ್ಟಿನಿಂದ ಬಂದದ್ದು, ಕಾನೂನು ಗೊತ್ತು, ಅಧಿಕಾರಿಯ ಎದುರು ಕುರ್ಚಿ ಎಳೆದು ಕೂರಬಲ್ಲರು. ಆ ಅನುಕೂಲದಿಂದಲೇ ಸರ್ಕಾರ ಅವರನ್ನು ಹುಡುಕಿ ಬರುತ್ತದೆ. ಅದೇ ಕಾರಣಕ್ಕೆ ವಲಸೆ ಬಂದ ಮುಸ್ಲಿಮನಿಗೆ ‘ಇವರು ನಮ್ಮವರೇ?’ ಎಂಬ ಅನುಮಾನವೂ ಹುಟ್ಟುತ್ತದೆ. ಇತ್ತ ಹುಟ್ಟೂರಿನವರ ಕಣ್ಣಿಗೆ ಅವರು ಕೈಬಿಟ್ಟು ಹೋದವರು.

1908ರಲ್ಲಿ ಕ್ವಿಲಿಯಂ ಇದ್ದಕ್ಕಿದ್ದಂತೆ ಊರು ಬಿಟ್ಟು ಇಸ್ತಾಂಬುಲ್ಲಿಗೆ ಹೋದರು. ವಿಚ್ಛೇದನ ಪ್ರಕರಣವೊಂದರಲ್ಲಿ ವೃತ್ತಿಯ ನಡತೆ ಮೀರಿದ್ದಕ್ಕಾಗಿ ಸಾಲಿಸಿಟರುಗಳ ಪಟ್ಟಿಯಿಂದ ಅವರ ಹೆಸರನ್ನು ಹೊಡೆದುಹಾಕಿದರು. 1909ರ ಏಪ್ರಿಲ್‌ನಲ್ಲಿ ಅಬ್ದುಲ್ ಹಮೀದನ ಪದಚ್ಯುತಿಯೂ ಆಯಿತು. ಮುವಕ್ಕಿಲ್ ಇಲ್ಲವಾದರೆ ವಕಾಲತ್ತು ಬೀಳುತ್ತದೆ ಎಂಬ ಹಳೆಯ ನಿಯಮ ಬಿರುದಿನ ಮಟ್ಟಿಗೆ ನಿಜವಾಯಿತು. ನನಗೆ ಸಂಕಟವಾಗುವುದು ಇನ್ನೊಂದು ಬದಿಯನ್ನು ನೆನೆದಾಗ. ಬಾಗಿಲು ತಟ್ಟುತ್ತಿದ್ದವರು ತಮ್ಮ ವಕೀಲರನ್ನು ಬಿಡಿಸಿರಲಿಲ್ಲ. ಸಂಸ್ಥೆ ಚದುರಿತು, ಕಟ್ಟಡ ಕೈ ಬದಲಾಯಿಸಿ ಜನನ-ಮರಣ ನೋಂದಣಿ ಕಚೇರಿಯಾಯಿತು. ಎಲ್ಲವೂ ಒಬ್ಬರ ಹೆಗಲ ಮೇಲೆ ನಿಂತಿತ್ತು. ಅವರ ಜಾಗದಲ್ಲಿ ಮಾತಾಡಬಲ್ಲ ಇನ್ನೊಬ್ಬರನ್ನು ಜನ ಆರಿಸಿಕೊಳ್ಳುವ ದಾರಿಯನ್ನು ಅಲ್ಲಿ ಯಾರೂ ಮಾಡಿರಲಿಲ್ಲ. ಕ್ವಿಲಿಯಂ ಮುಂದೆ ಹೆನ್ರಿ ಡಿ ಲಿಯೊನ್ ಎಂಬ ಹೆಸರಿನಲ್ಲಿ ಇಂಗ್ಲೆಂಡಿಗೆ ಮರಳಿ, 1932ರಲ್ಲಿ ತೀರಿಕೊಂಡರು. ಬ್ರೂಅಮ್ ಟೆರೇಸ್‌ನ ಮಸೀದಿ ಮತ್ತೆ ತೆರೆದದ್ದು 2014ರಲ್ಲಿ.

ಆ ದಾರಿಯನ್ನು ಕಾಗದದ ಮೇಲೆ ಮಾಡಿದ ದೇಶವೆಂದರೆ ಸ್ಪೇನ್. 1992ರಲ್ಲಿ, ಗ್ರನಾಡಾ ಪತನವಾಗಿ ಸರಿಯಾಗಿ ಐನೂರು ವರ್ಷಕ್ಕೆ, ಸ್ಪೇನ್ ಸರ್ಕಾರ ಅಲ್ಲಿನ ಮುಸ್ಲಿಮರೊಂದಿಗೆ ಒಪ್ಪಂದ ಮಾಡಿಕೊಂಡು ಅದನ್ನು ಕಾನೂನಾಗಿಸಿತು. ನಿಕಾಹ್‌ಗೆ ನಾಗರಿಕ ಮಾನ್ಯತೆ, ಶಾಲೆಯಲ್ಲಿ ಧರ್ಮಪಾಠ, ಸ್ಮಶಾನದಲ್ಲಿ ಜಾಗ ಎಲ್ಲವೂ ಅದರಲ್ಲಿವೆ. ಸರ್ಕಾರಕ್ಕೆ ಮಾತಾಡಲು ಒಂದೇ ಬಾಯಿ ಬೇಕಿತ್ತು, ಮುಸ್ಲಿಮರಲ್ಲಿ ಎರಡು ಒಕ್ಕೂಟಗಳಿದ್ದವು. ಎರಡನ್ನೂ ಸೇರಿಸಿ ಇಸ್ಲಾಮೀ ಆಯೋಗ ಕಟ್ಟಿ, ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಪ್ರಧಾನ ಕಾರ್ಯದರ್ಶಿ ಮಾಡಿದರು. ಒಬ್ಬರು ಸಿರಿಯಾ ಮೂಲದ ವೈದ್ಯ ರಿಯಾಯ್ ತತಾರಿ. ಇನ್ನೊಬ್ಬರು ಮನ್ಸೂರ್ ಎಸ್ಕುದೆರೊ, 1979ರಲ್ಲಿ ಇಸ್ಲಾಂ ಸ್ವೀಕರಿಸಿದ ಆಂದಲೂಸಿಯಾದ ಮನೋವೈದ್ಯರು.

ಎಸ್ಕುದೆರೊ ಅವರ ಮಾತು ದೇಶಕ್ಕೆಲ್ಲ ಕೇಳಿದ್ದು 2005ರಲ್ಲಿ. ಮ್ಯಾಡ್ರಿಡ್ ರೈಲು ಸ್ಫೋಟಗಳಿಗೆ ಒಂದು ವರ್ಷ ತುಂಬಿದಾಗ ಆಯೋಗ ಒಸಾಮಾ ಬಿನ್ ಲಾದೆನ್ ವಿರುದ್ಧ ಫತ್ವಾ ಹೊರಡಿಸಿತು. ಆಗ ಸ್ಪೇನಿನ ಮುಸ್ಲಿಮರಲ್ಲಿ ದೊಡ್ಡ ಪಾಲು ಮೊರೊಕ್ಕೊದಿಂದ ಬಂದ ಕೂಲಿಕಾರರದಾಗಿತ್ತು. ಅವರ ಹೆಸರಿನಲ್ಲಿ ಮಾತಾಡುವ ಹಕ್ಕು ಯಾರದು ಎಂಬ ತಿಕ್ಕಾಟ ಒಕ್ಕೂಟದೊಳಗೆ ನಡೆದೇ ಇತ್ತು. ಒಕ್ಕೂಟದ ನಾಯಕತ್ವ ಮುಂದೆ ಎಸ್ಕುದೆರೊ ಅವರ ಕೈ ಬಿಟ್ಟು ಬೇರೆಯವರಿಗೆ ಹೋಯಿತು. ಕ್ವಿಲಿಯಂ ಅವರ ಲಿವರ್‌ಪೂಲ್‌ನಲ್ಲಿ ಆಗದಿದ್ದುದು ಇದೇ: ವಕೀಲರು ಬದಲಾದರೂ ಕಚೇರಿ ಮುಚ್ಚಲಿಲ್ಲ, ಒಪ್ಪಂದ ಬೀಳಲಿಲ್ಲ. 2006ರ ಕೊನೆಯಲ್ಲಿ ಎಸ್ಕುದೆರೊ ಪೋಪ್ ಹದಿನಾರನೇ ಬೆನೆಡಿಕ್ಟರಿಗೆ ಪತ್ರ ಬರೆದು, ಈಗ ಕ್ಯಾಥೆಡ್ರಲ್ ಆಗಿರುವ ಕಾರ್ದೊಬಾದ ಹಳೆಯ ಮಸೀದಿಯಲ್ಲಿ ಕ್ರೈಸ್ತರ ಜೊತೆ ಮುಸ್ಲಿಮರಿಗೂ ಪ್ರಾರ್ಥನೆಗೆ ಅವಕಾಶ ಕೇಳಿದರು. ಅನುಮತಿ ಸಿಗಲಿಲ್ಲ, ಅವರು ಹೊರಗೆ ಬೀದಿಯಲ್ಲೇ ನಮಾಜು ಮಾಡಿದರು. ಆ ಪತ್ರವನ್ನು ಅವರು ಬರೆದದ್ದು ತಾವೇ ಕಟ್ಟಿದ ‘ಹುಂತಾ ಇಸ್ಲಾಮಿಕಾ’ ಎಂಬ ಸಂಘಟನೆಯ ಪರವಾಗಿ, ಅದರ ಮುಖ್ಯಸ್ಥರಾಗಿ.