ಬಿನ್ನಿ, ಬಿನ್ನಹ, ಬಿನ್ನಾಣ: ಕಟ್ಟಿದ ನುಡಿಗೂ ಪದಮೂಲವುಂಟು

ಬೆಂಗಳೂರಿನ ಬಿನ್ನಿಪೇಟೆಯ ಹೆಸರನ್ನು ಮೊದಲ ಬಾರಿಗೆ ಕೇಳಿದ ಕನ್ನಡಿಗನಿಗೆ ಅದು ಹಳೆಯ ಕನ್ನಡದ ಹೆಸರೆಂದೇ ತೋರಬಹುದು. ಬಿನ್ನಹ, ಬಿನ್ನವತ್ತಳೆ, ಬಿನ್ನಾಣ ಮುಂತಾದ ಪದಗಳ ಸಾಲಿನಲ್ಲಿ ‘ಬಿನ್ನಿ’ ಸಲೀಸಾಗಿ ನಿಲ್ಲುತ್ತದೆ. ಆದರೆ ಈ ಹೋಲಿಕೆ ಕೇವಲ ಕಿವಿಗೆ ಸಂಬಂಧಿಸಿದ್ದು. ಪದಗಳು ಒಂದರಂತೆ ಒಂದು ಕೇಳಿಸಿದ ಮಾತ್ರಕ್ಕೆ ಅವುಗಳ ಮೂಲವೂ ಒಂದೇ ಎನ್ನಲಾಗದು. ಪದಮೂಲ ವಿಚಾರದ ಈ ಮೊದಲ ಪಾಠವು ಆಡುವ ಭಾಷೆಗೆ ಮಾತ್ರವಲ್ಲ, ಒಬ್ಬನೇ ವ್ಯಕ್ತಿ ಕುಳಿತು ಕಟ್ಟಿದ ಕಲ್ಪಿತ ಭಾಷೆಗೂ ಅನ್ವಯಿಸುತ್ತದೆ. ಅಂತಹ ಭಾಷೆಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಜೆ.ಆರ್.ಆರ್. ಟೋಲ್ಕಿನ್ ರೂಪಿಸಿದ ಎಲ್ವಿಶ್.

ಗಿರಣಿಯಿಂದ ಬಂದ ಹೆಸರು

18ನೇ ಶತಮಾನದ ಕೊನೆಯ ವರ್ಷಗಳಲ್ಲಿ ಮದರಾಸಿಗೆ ಬಂದ ಜಾನ್ ಬಿನ್ನಿ ಎಂಬಾತನ ಮನೆತನದ ಹೆಸರೇ ಮುಂದೆ ಬಿನ್ನಿ ಕಂಪನಿಯ ಹೆಸರಾಯಿತು. ಬೆಂಗಳೂರಿನಲ್ಲಿ 1884ರಲ್ಲಿ ಸ್ಥಾಪನೆಯಾದ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿಯ ಆಡಳಿತ ಈ ಕಂಪನಿಯ ಕೈಸೇರಿದಾಗ ಗಿರಣಿ ಜನರ ಬಾಯಲ್ಲಿ ‘ಬಿನ್ನಿ ಮಿಲ್ಲು’ ಆಯಿತು. ಸುತ್ತಲ ಬಡಾವಣೆ ಬಿನ್ನಿಪೇಟೆಯಾಯಿತು. ಗಿರಣಿ ಮುಚ್ಚಿ, ಆ ಜಾಗದಲ್ಲಿ ವಸತಿ ಸಮುಚ್ಚಯಗಳೂ ಮಾಲ್ ಕೂಡ ಎದ್ದ ಮೇಲೂ ಹೆಸರು ಮಾತ್ರ ಅಳಿದಿಲ್ಲ.

ಹೆಸರಿನ ಎರಡನೆಯ ಭಾಗವಾದ ‘ಪೇಟೆ’ ದಕ್ಷಿಣದ ನುಡಿಗಳಲ್ಲಿ ವ್ಯಾಪಕವಾಗಿದೆ. ತಮಿಳಿನಲ್ಲಿ ಪೇಟ್ಟೈ, ತೆಲುಗಿನಲ್ಲಿ ಪೇಟ, ಮರಾಠಿಯಲ್ಲಿ ಪೇಠ್ ಎಂಬ ರೂಪಗಳಿವೆ. ಬೆಂಗಳೂರಿನ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆಗಳು ಅಲ್ಲಿ ಮಾರಾಟವಾಗುತ್ತಿದ್ದ ಸರಕನ್ನು ಹೇಳಿದರೆ, ಚಾಮರಾಜಪೇಟೆ ಅರಸರ ಹೆಸರನ್ನು ಹೇಳುತ್ತದೆ. ಬಿನ್ನಿಪೇಟೆ ಹೇಳುವುದು ಕಂಪನಿಯ ಹೆಸರನ್ನು. ಒಂದೇ ‘ಪೇಟೆ’ಗೆ ಮೂರು ಕಾಲದ ಮೂರು ಬಗೆಯ ಯಜಮಾನಿಕೆ ಅಂಟಿಕೊಂಡಿದೆ.

‘ಜ್ಞ’ ಹೋಗಿ ‘ನ್ನ’ ಬಂದದ್ದು

ಹಾಗಾದರೆ ಬಿನ್ನಹ ಎಲ್ಲಿಂದ ಬಂತು? ಸಂಸ್ಕೃತದ ‘ವಿಜ್ಞಾಪನ’ವೇ ಕನ್ನಡದಲ್ಲಿ ಬಿನ್ನಪ, ಬಿನ್ನಹವಾಗಿದೆ. ‘ವಿಜ್ಞಾನ’ವು ಬಿನ್ನಾಣವಾಗಿದೆ. ‘ಯಜ್ಞ’ ಜನ್ನವಾಗಿದೆ, ‘ಸಂಜ್ಞೆ’ ಸನ್ನೆಯಾಗಿದೆ. ಎಲ್ಲೆಡೆಯೂ ‘ಜ್ಞ’ ಇದ್ದ ಕಡೆ ‘ನ್ನ’ ಬಂದಿದೆ. ‘ವರ್ಣ’ ಬಣ್ಣವಾದಂತೆ, ಪದದ ಮೊದಲ ವಕಾರ ಬಕಾರವಾಗಿದೆ. 13ನೇ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಇಂತಹ ತದ್ಭವಗಳ ಮಾರ್ಪಾಟುಗಳನ್ನು ವರ್ಗೀಕರಿಸಿದ್ದಾನೆ. ಒಂದು ಪದದ ವಿಚಾರದಲ್ಲಿ ಮಾತ್ರ ನಡೆದರೆ ಅದು ಊಹೆ. ಒಂದೇ ಮಾರ್ಪಾಟು ಹಲವು ಪದಗಳಲ್ಲಿ ಕಂಡುಬಂದರೆ ಅದು ನಿಯಮ.

ಈ ನಿಯಮದ ಮುಂದೆ ‘ಬಿನ್ನಿ’ಯನ್ನು ನಿಲ್ಲಿಸಿದರೆ ಅದು ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಅದಕ್ಕೆ ಹೊಂದುವ ಸಂಸ್ಕೃತ ಪದವಿಲ್ಲ; ಹೆಸರಿನ ಜಾಡು ಹಿಡಿದರೆ ಅದು ಹಳಗನ್ನಡದ ಕಾವ್ಯಗಳಿಗಲ್ಲ, ಮದರಾಸಿನ ವ್ಯಾಪಾರಿ ಮನೆತನಕ್ಕೆ ಒಯ್ಯುತ್ತದೆ.

1915ರ ಎರಡು ಆರಂಭಗಳು

ಬಿನ್ನಿಪೇಟೆಗೆ ಹೊಂದಿಕೊಂಡಿರುವ ಚಾಮರಾಜಪೇಟೆಯಲ್ಲಿ ಇಂದು ನೆಲೆಸಿರುವ ಕನ್ನಡ ಸಾಹಿತ್ಯ ಪರಿಷತ್ತು ಸ್ಥಾಪನೆಯಾದದ್ದು 1915ರಲ್ಲಿ. ಅದೇ ವರ್ಷದ ಸುಮಾರಿಗೆ ಇಂಗ್ಲೆಂಡಿನಲ್ಲಿ 23ರ ಹರೆಯದ ಟೋಲ್ಕಿನ್ ತಾನು ಕಲ್ಪಿಸಿದ ಎಲ್ಫ್ ಜನರ ಭಾಷೆಗೆ ಪದಕೋಶ ಬರೆಯತೊಡಗಿದ್ದ. ಒಂದು ಕಡೆ ಸಾವಿರಾರು ವರ್ಷ ಬಾಳಿದ ನುಡಿಗೆ ಹೊಸ ಪದಗಳ ಅಗತ್ಯ ಬಿದ್ದಿತ್ತು. ಇನ್ನೊಂದು ಕಡೆ ಯಾರೂ ಆಡದ ನುಡಿಗೆ ಹಳೆಯ ಚರಿತ್ರೆಯನ್ನು ಕಟ್ಟಿಕೊಡುವ ಕೆಲಸ ನಡೆದಿತ್ತು. ಎರಡಕ್ಕೂ ಪರಸ್ಪರ ಸಂಬಂಧವಿರಲಿಲ್ಲ. ಆದರೂ ಎದುರಾದ ಪ್ರಶ್ನೆ ಒಂದೇ: ಪದವೊಂದು ಬಾಳಲು ಏನು ಬೇಕು?

ಟೋಲ್ಕಿನ್ (1892–1973) ಮೂಲತಃ ಭಾಷಾಶಾಸ್ತ್ರಜ್ಞ. ಮೊದಲ ಮಹಾಯುದ್ಧದ ಬಳಿಕ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಿಬ್ಬಂದಿಯಲ್ಲಿದ್ದು ಪದಗಳ ಮೂಲ ಹುಡುಕುವ ಕೆಲಸ ಮಾಡಿದ. 1925ರಿಂದ 1959ರವರೆಗೆ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕನಾಗಿದ್ದ. 1954–55ರಲ್ಲಿ ಪ್ರಕಟವಾದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯ ಹಿಂದೆ ದಶಕಗಳ ಭಾಷಾ ನಿರ್ಮಾಣವಿತ್ತು. ಎಲ್ವಿಶ್‌ನ ಎರಡು ಮುಖ್ಯ ಶಾಖೆಗಳು ಕ್ವೆನ್ಯಾ ಮತ್ತು ಸಿಂಡರಿನ್. ಕ್ವೆನ್ಯಾದ ದನಿಗೆ ಫಿನ್ನಿಶ್ ಪ್ರೇರಣೆ. ಸಿಂಡರಿನ್‌ನ ದನಿಗೆ ವೆಲ್ಷ್ ಪ್ರೇರಣೆ. ಬಾಲ್ಯದಲ್ಲಿ ಕಲ್ಲಿದ್ದಲು ಸಾಗಿಸುವ ರೈಲು ಬಂಡಿಗಳ ಮೇಲೆ ಕಂಡ ವೆಲ್ಷ್ ಊರುಗಳ ಹೆಸರುಗಳೇ ಆ ನುಡಿಯತ್ತ ಆತನನ್ನು ಸೆಳೆದಿದ್ದವು.

ಧಾತುವಿನಿಂದ ಪದಕ್ಕೆ

ಕೇಶಿರಾಜನ ವ್ಯಾಕರಣದಲ್ಲಿ ಧಾತು ಪ್ರಕರಣವಿರುವಂತೆಯೇ ಟೋಲ್ಕಿನ್ ಕೂಡ ಧಾತುಗಳ ದೊಡ್ಡ ಪಟ್ಟಿಯೊಂದನ್ನು 1937–38ರ ಅವಧಿಯಲ್ಲಿ ಸಿದ್ಧಪಡಿಸಿದ್ದ. ಅದು ಆತನ ಮರಣಾನಂತರ 1987ರಲ್ಲಿ ಪ್ರಕಟವಾಯಿತು. ಆತ ಮೊದಲು ಪ್ರಾಚೀನ ಧಾತುವನ್ನು ಊಹಿಸಿ, ನಂತರ ಪ್ರತಿ ಶಾಖೆಯ ಧ್ವನಿ ನಿಯಮದಂತೆ ಅದನ್ನು ಬದಲಾಯಿಸುತ್ತಾ ಬಂದ. ‘ಹೇಳು’ ಎಂಬರ್ಥದ ‘ಕ್ವೆತ್’ ಧಾತು ಕ್ವೆನ್ಯಾದಲ್ಲಿ ‘ಕ್ವೆತ್’ ಆಗಿಯೇ ಉಳಿದರೆ, ಸಿಂಡರಿನ್‌ನಲ್ಲಿ ‘ಪೆದ್’ ಆಯಿತು. ಹಂಸಕ್ಕೆ ಕ್ವೆನ್ಯಾದಲ್ಲಿ ‘ಅಲ್ಕ್ವ’, ಸಿಂಡರಿನ್‌ನಲ್ಲಿ ‘ಅಲ್ಫ್’. ಮುಷ್ಟಿಗೆ ಒಂದರಲ್ಲಿ ‘ಕ್ವಾರ್’, ಇನ್ನೊಂದರಲ್ಲಿ ‘ಪೌರ್’. ಹಳೆಯ ‘ಕ್ವ’ ಒಂದು ಶಾಖೆಯಲ್ಲಿ ಉಳಿಯಿತು. ಇನ್ನೊಂದರಲ್ಲಿ ಪಕಾರವಾಯಿತು, ಪದಾಂತ್ಯದಲ್ಲಿ ಫಕಾರದವರೆಗೂ ಸರಿಯಿತು.

ಇದು ಬರಿಯ ಕಲ್ಪನೆಯಲ್ಲ. ಯೂರೋಪಿನ ನಿಜ ಭಾಷೆಗಳಲ್ಲಿ ನಾಲ್ಕು ಎಂಬುದಕ್ಕೆ ಲ್ಯಾಟಿನ್‌ನಲ್ಲಿ ‘ಕ್ವಾತ್ತುವೋರ್’, ವೆಲ್ಷ್‌ನಲ್ಲಿ ‘ಪೆದ್ವಾರ್’ ಎನ್ನುತ್ತಾರೆ. ಸಂಸ್ಕೃತದ ‘ಚತುರ್’ ಕೂಡ ಅದೇ ಮೂಲದ ಕವಲು.

ಕನ್ನಡಿಗರು ಇದೇ ಬಗೆಯ ನಿಯಮವನ್ನು ತಮ್ಮ ಮನೆಯಲ್ಲಿಯೇ ಕಾಣಬಹುದು. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೆಣ್ ಹೆಣ್ಣಾಯಿತು. ತಮಿಳಿನಲ್ಲಿ ಇವು ಇಂದಿಗೂ ಪಾಲ್, ಪುಲಿ, ಪೆಣ್. ಇನ್ನೊಂದೆಡೆ ಕನ್ನಡದ ಕಿವಿ ತಮಿಳಿನಲ್ಲಿ ಚೆವಿಯಾಗಿದೆ. ಇಲ್ಲಿ ಹಳೆಯ ಕಕಾರವನ್ನು ಉಳಿಸಿಕೊಂಡದ್ದು ಕನ್ನಡ, ಬದಲಾಯಿಸಿಕೊಂಡದ್ದು ತಮಿಳು. ಆದ್ದರಿಂದ ಯಾವ ನುಡಿಯೂ ಎಲ್ಲ ವಿಷಯದಲ್ಲಿಯೂ ಇನ್ನೊಂದಕ್ಕಿಂತ ಹಳೆಯದಲ್ಲ. ‘ಪೇಟೆ’ಯ ಪಕಾರ ಹಕಾರವಾಗದೆ ಉಳಿದದ್ದೂ ಗಮನಾರ್ಹ. ಇಂತಹ ಉಳಿಕೆ ಕಂಡಾಗ ಆ ಪದ ಮಾರ್ಪಾಟು ಮುಗಿದ ಮೇಲೆ ನೆರೆನುಡಿಯಿಂದ ಬಂದಿರಬಹುದೇ ಎಂಬ ಪ್ರಶ್ನೆಯನ್ನು ಕೇಳಬೇಕಾಗುತ್ತದೆ.

ಈ ಬಗೆಯ ಜ್ಞಾತಿಪದಗಳನ್ನು ಒಂದೆಡೆ ಸೇರಿಸಿದ ದ್ರಾವಿಡ ಪದಮೂಲ ನಿಘಂಟು ಟಿ. ಬರೋ ಮತ್ತು ಎಂ.ಬಿ. ಎಮೆನೋ ಅವರಿಂದ 1961ರಲ್ಲಿ ಹೊರಬಂತು. ಪರಿಷ್ಕೃತ ಆವೃತ್ತಿ 1984ರದು. ಸಂಸ್ಕೃತ ಪ್ರಾಧ್ಯಾಪಕ ಬರೋ ಕೆಲಕಾಲ ಆಕ್ಸ್‌ಫರ್ಡ್‌ನಲ್ಲಿ ಟೋಲ್ಕಿನ್‌ನ ಸಮಕಾಲೀನ. ಒಬ್ಬ ನಿಜ ಪದಗಳಿಂದ ಹಿಂದಕ್ಕೆ ಸಾಗಿ ಮೂಲರೂಪ ಹುಡುಕಿದರೆ, ಇನ್ನೊಬ್ಬ ಕಲ್ಪಿತ ಮೂಲದಿಂದ ಮುಂದಕ್ಕೆ ಸಾಗಿ ಪದ ಹುಟ್ಟಿಸಿದ.

ಎರವಲೂ ಉಂಟು, ಊರ ಹೆಸರೂ ಉಂಟು

ಕಟ್ಟಿದ ಭಾಷೆಯಾದರೂ ಎಲ್ವಿಶ್ ‘ಶುದ್ಧ’ವಲ್ಲ. ಕುಬ್ಜ ಜನಾಂಗ ತನ್ನನ್ನು ಕರೆದುಕೊಳ್ಳುತ್ತಿದ್ದ ‘ಖಜಾದ್’ ಎಂಬ ಹೆಸರು ಸಿಂಡರಿನ್‌ನಲ್ಲಿ ‘ಹಧೋದ್’ ಆಗಿದೆ. ನಾಲಿಗೆಗೆ ಒಗ್ಗದ ದನಿಯನ್ನು ಒಗ್ಗಿಸಿಕೊಂಡ ಪರಿ ಇದು. ಇಂಗ್ಲಿಷಿನ ಪದಗಳಿಗೆ ಕನ್ನಡ ಉಕಾರ ಸೇರಿಸಿ ಮಿಲ್ಲು, ಬಸ್ಸು, ಕಾರು ಎಂದಂತೆಯೇ ಇದು ನಡೆದಿದೆ. ‘ಬಿನ್ನಿ’ ಸ್ವರದಲ್ಲಿಯೇ ಮುಗಿಯುವುದರಿಂದ ಅದಕ್ಕೆ ಆ ಉಪಚಾರವೂ ಬೇಕಾಗಲಿಲ್ಲ. ಕನ್ನಡದ ಪದವೆಂಬ ಭ್ರಮೆ ಹುಟ್ಟಲು ಇದೂ ಒಂದು ಕಾರಣ.

ಊರ ಹೆಸರುಗಳಲ್ಲಿಯೂ ಚರಿತ್ರೆಯ ಪದರಗಳಿವೆ. ಸಿಂಡರಿನ್‌ನಲ್ಲಿ ‘ಮಿನಸ್’ ಎಂದರೆ ಕೋಟೆ ಅಥವಾ ಗೋಪುರ. ‘ಅನೋರ್’ ಸೂರ್ಯ, ‘ಇಥಿಲ್’ ಚಂದ್ರ, ‘ತಿರಿಥ್’ ಕಾವಲು. ಸೂರ್ಯನ ಕೋಟೆ ಮಿನಸ್ ಅನೋರ್, ಚಂದ್ರನ ಕೋಟೆ ವೈರಿಗಳ ವಶವಾದ ಮೇಲೆ ಕಾವಲಿನ ಕೋಟೆ ಮಿನಸ್ ತಿರಿಥ್ ಆಯಿತು. ಮಿನಸ್ ಉಳಿಯಿತು, ವಿಶೇಷಣ ಬದಲಾಯಿತು.

ತಪ್ಪುದಾರಿಯ ಹೋಲಿಕೆಗಳು

ತನ್ನ ಪದಗಳಿಗೆ ಓದುಗರು ಮನಬಂದಂತೆ ಮೂಲ ಕಲ್ಪಿಸುವುದು ಟೋಲ್ಕಿನ್‌ಗೆ ಬೇಸರ ತರಿಸಿತ್ತು. 1967ರ ಪತ್ರವೊಂದರ ಕರಡಿನಲ್ಲಿ ಆತ ಇದನ್ನು ವಿವರವಾಗಿ ಚರ್ಚಿಸಿದ್ದಾನೆ. ಸೌರಾನ್ ಎಂಬ ಹೆಸರಿಗೂ ಹಲ್ಲಿ ಜಾತಿಯನ್ನು ಸೂಚಿಸುವ ಗ್ರೀಕ್ ಪದಕ್ಕೂ ಸಂಬಂಧವಿಲ್ಲ. ಅದು ‘ಹೇಯ’ ಎಂಬರ್ಥದ ಎಲ್ವಿಶ್ ಮೂಲದಿಂದ ಬಂದದ್ದು. ಮೋರಿಯಾ ಎಂಬುದು ಬೈಬಲ್ಲಿನ ಊರಲ್ಲ. ‘ಕಪ್ಪು’ ಎಂಬರ್ಥದ ‘ಮೋರ್’ಗೆ ‘ಕಂದರ’ ಸೇರಿದ ಪದ. ಆದರೂ ಆ ದನಿಯ ಪ್ರತಿಧ್ವನಿ ಸ್ಕಾಂಡಿನೇವಿಯದ ಜನಪದ ಕಥೆಯೊಂದರ ಕೋಟೆಯ ಹೆಸರಿನಿಂದ ಬಂದದ್ದೆಂದು ಆತನೇ ಒಪ್ಪಿಕೊಂಡಿದ್ದಾನೆ. ದನಿಯನ್ನು ಎರವಲು ಪಡೆದರೂ ಅರ್ಥ ಎರವಲಾಗಬೇಕಿಲ್ಲ.

ಕನ್ನಡದಲ್ಲಿ ಇದಕ್ಕೆ ಸಮನಾದ ಉದಾಹರಣೆ ‘ಅಂಚೆ’. ಹಳಗನ್ನಡದಲ್ಲಿ ಅಂಚೆ ಎಂದರೆ ಹಂಸ. ಅದು ‘ಹಂಸ’ದ ತದ್ಭವ. 17ನೇ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ್ ಸ್ಥಾಪಿಸಿದ ಮೈಸೂರು ಅಂಚೆಯ ‘ಅಂಚೆ’ ಕೂಡ ಅದೇ ರೂಪದ್ದು. ನಳದಮಯಂತಿಯರ ನಡುವೆ ಸುದ್ದಿ ಒಯ್ದ ಹಂಸವೇ ಅಂಚೆಯಾಯಿತೆಂಬ ವಿವರಣೆ ಮನೋಹರವಾಗಿದೆ. ಆದರೆ ತಮಿಳಿನಲ್ಲಿ ಟಪಾಲಿಗೆ ‘ಅಂಜಲ್’, ಹಂಸಕ್ಕೆ ‘ಅನ್ನಂ’. ಅಲ್ಲಿ ಇವೆರಡೂ ಸ್ಪಷ್ಟವಾಗಿ ಬೇರೆ ಪದಗಳು. ಸೊಗಸಾದ ಕಥೆ ಪುರಾವೆಯಾಗಲಾರದು.

ಬದುಕಿದ ಪದಗಳು

ಬೆಂಗಳೂರಿನಲ್ಲಿ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ‘ವಿಜ್ಞಾನ’ ಮಾಸಪತ್ರಿಕೆ ಆರಂಭಿಸಿದಾಗ ಕನ್ನಡಕ್ಕೆ ಸಾಲು ಸಾಲಾಗಿ ಹೊಸ ಪಾರಿಭಾಷಿಕ ಪದಗಳು ಬೇಕಾಗಿದ್ದವು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು 1946ರಲ್ಲಿ ಪ್ರಕಟವಾಯಿತು. ಜಿ. ವೆಂಕಟಸುಬ್ಬಯ್ಯ (1913–2021) ಅವರು ಪ್ರಧಾನ ಸಂಪಾದಕರಾಗಿ ದುಡಿದ ಪರಿಷತ್ತಿನ ಕನ್ನಡ ನಿಘಂಟು 8 ಸಂಪುಟಗಳಿಗೆ ಬೆಳೆಯಿತು.

ಪತ್ರಿಕೆಯ ಹೆಸರೇ ಇಲ್ಲೊಂದು ಪಾಠ. ‘ವಿಜ್ಞಾನ’ದಿಂದ ಹುಟ್ಟಿದ ಬಿನ್ನಾಣ ಅಷ್ಟರಲ್ಲಾಗಲೇ ಜಾಣ್ಮೆ, ಚೆಲುವು, ವಯ್ಯಾರಗಳ ಅರ್ಥಕ್ಕೆ ಸರಿದಿತ್ತು. ಹೊಸ ಶಾಸ್ತ್ರಕ್ಕೆ ಮತ್ತೆ ಸಂಸ್ಕೃತದ ಮೂಲರೂಪವನ್ನೇ ಕರೆತರಲಾಯಿತು. ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದೊಡನೆ ಪುರಾಣದ ‘ಆಕಾಶವಾಣಿ’ಗೆ ಹೊಸ ಅರ್ಥ ಬಂತು, 1950ರ ದಶಕದಲ್ಲಿ ಅದು ದೇಶದ ಬಾನುಲಿಯ ಹೆಸರಾಯಿತು. ಬಾನು ಮತ್ತು ಉಲಿ ಸೇರಿದ ‘ಬಾನುಲಿ’ ಅಚ್ಚಗನ್ನಡದ್ದು. ಮಿಂಚು ಮತ್ತು ಅಂಚೆ ಸೇರಿದ ‘ಮಿಂಚಂಚೆ’ ಬರಹದಲ್ಲಿ ಕಂಡಷ್ಟು ಮಾತಿನಲ್ಲಿ ಕೇಳಿಸುವುದಿಲ್ಲ. ಅಲ್ಲಿ ‘ಇಮೇಲ್’ ಗೆದ್ದಿದೆ.

ಮೂರೂ ನಿಯಮಬದ್ಧವಾಗಿಯೇ ಇವೆ. ಎಲ್ವಿಶ್‌ಗೆ ಧಾತು, ನಿಯಮ, ಚರಿತ್ರೆ ಎಲ್ಲವೂ ಇದ್ದರೂ ಅದನ್ನು ಮನೆಮಾತಾಗಿ ಆಡುವ ಊರಿಲ್ಲ. ಕನ್ನಡಕ್ಕೆ ಊರುಗಳಿವೆ, ಆದರೆ ಪಾಠಪುಸ್ತಕದ ಪದ ತರಗತಿಯ ಬಾಗಿಲಾಚೆ ಬರದಿದ್ದರೆ, ಕನ್ನಡ ಮಾಧ್ಯಮದ ವಿದ್ಯಾರ್ಥಿ ಒಂದೇ ವಸ್ತುವಿಗೆ ಎರಡು ಭಾಷೆ ಕಲಿಯಬೇಕಾಗುತ್ತದೆ.

ಪದಮೂಲ ಹುಡುಕುವವರು ಮೂರು ಪ್ರಶ್ನೆ ಕೇಳಿಕೊಳ್ಳುವುದು ಒಳಿತು. ಇದೇ ಮಾರ್ಪಾಟು ಬೇರೆ ಪದಗಳಲ್ಲಿಯೂ ಇದೆಯೇ? ನೆರೆನುಡಿಗಳ ರೂಪಗಳು ಏನು ಹೇಳುತ್ತವೆ? ಪದ ಮೊದಲು ಬಳಕೆಗೆ ಬಂದದ್ದು ಎಂದು, ಯಾರ ಬಾಯಲ್ಲಿ? ಬಿನ್ನಿಪೇಟೆಗೆ ಪಂಡಿತ ಸಮಿತಿಯೇನೂ ಹೆಸರಿಡಲಿಲ್ಲ. ಪರದೇಶದ ಮನೆತನದ ಹೆಸರಿಗೆ ನಾಡಿನ ‘ಪೇಟೆ’ಯನ್ನು ಜೋಡಿಸಿ ಬಳಕೆಗೆ ತಂದವರು ಅಲ್ಲಿ ದುಡಿದ, ಅಲ್ಲಿಯೇ ಬಾಳಿದ ಜನ.