ಸೋಡಾ ತಿಕ್ಕಿದ್ರೆ ಹಲ್ಲು ಬೆಳ್ಳಗಾಗ್ತಾವಾ? ಮೊದಲು ಕಲೆ ಎಲ್ಲಿಂದ ಬಂತು ನೋಡ್ರಿ

ಬೋನಾಳ (ಸುರಪುರ ತಾಲೂಕು): ಮದುವೆ ಸೀಸನ್ ಹತ್ತಿರ ಬಂತಂದ್ರೆ ಕಿರಾಣಿ ಅಂಗಡಿಯಲ್ಲಿ ತಿನ್ನೋ ಸೋಡಾ ಕೇಳೋರು ಮಿರ್ಚಿ ಭಜಿ ಮಾಡೋರಷ್ಟೇ ಅಲ್ಲ. ಮೊಬೈಲ್‌ನಲ್ಲಿ ರೀಲ್ಸ್ ನೋಡಿ, ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಹಲ್ಲಿಗೆ ತಿಕ್ಕುವ ಹುಡುಗ ಹುಡುಗಿಯರೂ ಕೇಳ್ತಾರೆ. ಕೆಲವರಿಗೆ ನಾಲ್ಕು ದಿನದಲ್ಲಿ ಫರಕ್ ಕಾಣ್ತದೆ. ಇನ್ನು ಕೆಲವರು ತಿಂಗಳುಗಟ್ಟಲೆ ತಿಕ್ಕಿದ್ರೂ ಕಂದು ಕಲೆ ಇದ್ದಲ್ಲೇ ಇರ್ತದೆ, ಮೇಲಿಂದ ತಣ್ಣೀರು ಕುಡಿದ್ರೆ ಹಲ್ಲು ಜುಮ್ ಅನ್ನೋಕೆ ಶುರುವಾಗ್ತದೆ. ಸೋಡಾ ಅದೇ, ಕೈ ಅದೇ. ಬೇರೆ ಇರೋದು ಕಲೆ.

ಹಲ್ಲಿನ ಕಲೆಯಲ್ಲಿ ಎರಡು ಜಾತಿ. ಒಂದು ಮೇಲಿಂದ ಹತ್ತಿದ್ದು. ಚಹಾ, ಎಲೆ ಅಡಿಕೆ, ಗುಟ್ಖಾ, ಬೀಡಿ, ಮಿಶ್ರಿಯಿಂದ ಬರೋದು ಇದು. ಇನ್ನೊಂದು ಹಲ್ಲು ಒಸಡಿನೊಳಗೆ ತಯಾರಾಗುವಾಗಲೇ ಒಳಗೆ ಕೂತಿದ್ದು. ಸೋಡಾ ಕೆಲಸ ಮಾಡೋದು ಮೊದಲನೆಯದಕ್ಕೆ ಮಾತ್ರ. ಯಾದಗಿರಿ ಜಿಲ್ಲೆಯಲ್ಲಿ ಈ ಎರಡನೆಯ ಜಾತಿ ಕಡಿಮೆ ಏನಿಲ್ಲ. ಅದಕ್ಕೆ ಕಾರಣ ಬಾಯಿ ಅಲ್ಲ, ಬೋರಿನ ನೀರು.

ಸೋಡಾ ಏನು ಮಾಡ್ತದೆ

ತಿನ್ನೋ ಸೋಡಾ ಅಂದ್ರೆ ಸೋಡಿಯಂ ಬೈಕಾರ್ಬೋನೇಟ್. ಇದರ ಹರಳು ಹಲ್ಲಿನ ಮೇಲ್ಪದರ ಎನಾಮೆಲ್‌ಗಿಂತ ಮೆತ್ತಗೆ. ಹಿಂಗಾಗಿ ಹಲ್ಲು ಹೆಚ್ಚು ಸವೆಯದೆ ಮೇಲಿನ ಕೊಳೆಯನ್ನಷ್ಟೇ ತಿಕ್ಕಿ ತೆಗೀತದೆ. ಬಾಯಲ್ಲಿ ಹುಳಿ ಅಂಶ ಇದ್ರೆ ಅದನ್ನೂ ತಗ್ಗಿಸ್ತದೆ. ಪೇಸ್ಟ್ ಕಂಪನಿಗಳೂ ಸುಮ್ಮನೆ ಇದನ್ನು ಹಾಕಲ್ಲ. ಆದರೆ ಇದು ಹಲ್ಲಿನ ಸ್ವಂತ ಬಣ್ಣ ಬದಲು ಮಾಡೋ ಬ್ಲೀಚ್ ಅಲ್ಲ. ಮೇಲೆ ಹತ್ತಿದ್ದು ಹೋದ್ರೆ ಒಳಗಿನ ನಿಜವಾದ ಬಣ್ಣ ಕಾಣ್ತದೆ, ಅಷ್ಟೇ. ಆ ನಿಜವಾದ ಬಣ್ಣ ಹುಟ್ಟಾ ಸ್ವಲ್ಪ ಹಳದಿ ಇರೋರೇ ಬಹಳ ಮಂದಿ. ಸಿನಿಮಾದವರ ಹಲ್ಲಿನ ಬಿಳುಪು ಹುಡುಕಿಕೊಂಡು ಹೊರಟರೆ ಸಿಗೋದಿಲ್ಲ.

ಮಾಡೋದೇ ಇದ್ರೆ ಹಿಂಗೆ: ಮೆತ್ತನೆ ಬ್ರಷ್ ಒದ್ದೆ ಮಾಡಿ, ಒಂದು ಚಿಟಿಕೆ ಸೋಡಾ ಹಚ್ಚಿ, ಒಂದು ನಿಮಿಷ ಹಗುರಕ್ಕೆ ತಿಕ್ಕಿ, ಚೆನ್ನಾಗಿ ಬಾಯಿ ಮುಕ್ಕಳಿಸಿ ಉಗಿಯಬೇಕು. ವಾರಕ್ಕೆ ಒಂದು ಸಲ, ಹೆಚ್ಚಂದ್ರೆ ಎರಡು ಸಲ ಸಾಕು. ದಿನಾ ತಿಕ್ಕುವ ಪೇಸ್ಟ್ ಬಿಡಬಾರದು. ಬಿಪಿ ಇದ್ದವರು ನುಂಗದಂತೆ ನೋಡಿಕೊಳ್ಳಬೇಕು, ಒಂದು ಟೀ ಚಮಚ ಸೋಡಾದಲ್ಲಿ ಸುಮಾರು 1200 ಮಿಲಿಗ್ರಾಂ ಸೋಡಿಯಂ ಇರ್ತದೆ. ಹಲ್ಲಿಗೆ ಕ್ಯಾಪ್ ಹಾಕಿಸಿದ್ರೆ ಕ್ಯಾಪಿನ ಬಣ್ಣವೇನೂ ಬದಲಾಗಲ್ಲ. ಎರಡು ಮೂರು ವಾರದಲ್ಲಿ ಏನೂ ಫರಕ್ ಕಾಣಲಿಲ್ಲ ಅಂದ್ರೆ ಬಿಟ್ಟುಬಿಡೋದೇ ಚಲೋ. ಅದು ಸೋಡಾಕ್ಕೆ ಹೋಗೋ ಕಲೆ ಅಲ್ಲ.

ಕಲ್ಲಿನಂಗೆ ಗಟ್ಟಿಯಾಗಿ ಒಸಡಿನ ಅಂಚಿಗೆ ಕೂತ ಪಾಚಿಯೂ ಸೋಡಾಕ್ಕೆ ಜಗ್ಗಲ್ಲ. ಹಲ್ಲಿನ ಡಾಕ್ಟರ ಹತ್ತಿರ ಕ್ಲೀನಿಂಗ್ ಮಾಡಿಸಬೇಕು. ಗುಟ್ಖಾ ತಿನ್ನೋರ ವಿಷಯ ಹೇಳೋದೇ ಬ್ಯಾಡ. ರಾಜ್ಯದಲ್ಲಿ ಗುಟ್ಖಾ ನಿಷೇಧ ಆಗಿದ್ದು 2013ರಲ್ಲಿ. ಈಗ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ತಗೊಂಡು ಅಂಗೈಯಲ್ಲೇ ಕಲಸಿ ಬಾಯಿಗೆ ಹಾಕ್ತಾರೆ. ಬೆಳಿಗ್ಗೆ ಸೋಡಾ, ಹತ್ತು ಗಂಟೆಗೆ ಚೀಟಿ ಅಂದ್ರೆ ಯಾವ ಹಲ್ಲು ಬೆಳ್ಳಗಾದೀತು?

ನಿಂಬೆಹಣ್ಣು ಯಾಕೆ ಬ್ಯಾಡ

ಸೋಡಾಕ್ಕಿಂತ ಹೆಚ್ಚು ಹಾನಿ ಮಾಡೋದು ಅದರ ಜೊತೆ ಹಿಂಡುವ ನಿಂಬೆಹಣ್ಣು. ಬುಸ್ ಅಂತ ನೊರೆ ಬಂದಾಗ ಕೊಳೆ ಎಲ್ಲಾ ಕಿತ್ತು ಬಂತು ಅನಿಸ್ತದೆ. ಆ ನೊರೆ ಬರೀ ಗ್ಯಾಸ್. ಹುಳಿ ಮತ್ತು ಸೋಡಾ ಒಂದನ್ನೊಂದು ಕೊಂದುಕೊಂಡು ನೀರು, ಉಪ್ಪಿನಂಥ ಪದಾರ್ಥ ಉಳೀತದೆ. ನಿಂಬೆರಸ ಹೆಚ್ಚಾಗಿದ್ರೆ ಉಳಿದ ಹುಳಿ ಹಲ್ಲಿನ ಮೇಲೇ ಕೂರ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದ್ರೆ ಎನಾಮೆಲ್ ಕರಗೋಕೆ ಶುರು. ನಿಂಬೆರಸದ ಪಿಎಚ್ 2ರಿಂದ 3ರ ಆಸುಪಾಸು. ಮನೆಯ ಶಹಾಬಾದಿ ಪರಸಿ ಮೇಲೆ ನಿಂಬೆಹಣ್ಣು ಹಿಂಡಿ ಬಿಟ್ಟರೆ ಹೊಳಪು ಹೋಗಿ ಬೆಳ್ಳನೆ ಗುರುತು ಉಳೀತದಲ್ಲ, ಹಲ್ಲಿಗೆ ಆಗೋದೂ ಸುಮಾರಾಗಿ ಅದೇ. ಹುಳಿಯಿಂದ ಮೆತ್ತಗಾದ ಎನಾಮೆಲ್ ಮೇಲೆ ಬ್ರಷ್ ಹಾಕಿ ತಿಕ್ಕಿದ್ರೆ ಸವೆತ ಇನ್ನೂ ಜಾಸ್ತಿ. ಹೋದ ಎನಾಮೆಲ್ ಮತ್ತೆ ಬೆಳೆಯೋದಿಲ್ಲ. ತಮಾಷೆ ಅಂದ್ರೆ, ಅದು ತೆಳ್ಳಗಾದಷ್ಟೂ ಒಳಗಿನ ಹಳದಿ ಪದರ ಎದ್ದು ಕಾಣ್ತದೆ. ಬೆಳ್ಳಗೆ ಮಾಡಲು ಹೋಗಿ ಹಳದಿ ಮಾಡಿಕೊಂಡಂಗೆ.

ಅಂಗಡಿಯವರಿಗೂ ಒಂದು ಮಾತು. ಬಟ್ಟೆ ಸೋಡಾ, ಅಂದ್ರೆ ವಾಷಿಂಗ್ ಸೋಡಾ, ಬೇರೆ ವಸ್ತು. ಅದು ಸೋಡಿಯಂ ಕಾರ್ಬೋನೇಟ್, ಖಾರ ಬಹಳ. ಬಾಯಿ, ಒಸಡು ಸುಡ್ತದೆ. ನೋಡಲು ಎರಡೂ ಬಿಳಿ ಪುಡಿನೇ. ಬಿಡಿಯಾಗಿ ತೂಗಿ ಪುಡಿಕೆ ಕಟ್ಟಿ ಕೊಡುವಾಗ 'ಸೋಡಾ ಕೊಡ್ರಿ' ಅಂದವರಿಗೆ ಯಾವುದಕ್ಕೆ ಅಂತ ಕೇಳಿಯೇ ಕೊಡಬೇಕು. ಎರಡರ ಡಬ್ಬಿ ಅಕ್ಕಪಕ್ಕ ಇಡದಿದ್ರೆ ಒಳ್ಳೇದು.

ತಿಕ್ಕಿದ್ರೆ ಹೋಗದ ಕಲೆ

ಹಲ್ಲು ತಯಾರಾಗುವ ವಯಸ್ಸಿನಲ್ಲಿ, ಅಂದ್ರೆ ಹುಟ್ಟಿನಿಂದ ಸುಮಾರು 8 ವರ್ಷದವರೆಗೆ, ಫ್ಲೋರೈಡ್ ಹೆಚ್ಚಿರುವ ನೀರು ಕುಡಿದ್ರೆ ಎನಾಮೆಲ್ ಸರಿಯಾಗಿ ಗಟ್ಟಿಯಾಗಲ್ಲ. ಮೊದಲು ಸುಣ್ಣದಂಥ ಬಿಳಿ ಗೆರೆ, ಚುಕ್ಕೆ. ಹೆಚ್ಚಾದ್ರೆ ಹಳದಿ, ಕಂದು ಪಟ್ಟೆ, ಗುಳಿ. ಇದಕ್ಕೆ ದಂತ ಫ್ಲೋರೋಸಿಸ್ ಅಂತಾರೆ. ಅಮೆರಿಕದ ಕೊಲರಾಡೋದಲ್ಲಿ 1901ರಲ್ಲಿ ಮೆಕೇ ಎಂಬ ದಂತವೈದ್ಯ ಊರಿಗೆ ಊರೇ ಕಂದು ಹಲ್ಲಿನವರಿರೋದು ನೋಡಿ ಬೆನ್ನು ಹತ್ತಿದ. ನೀರಿನಲ್ಲಿರುವ ಫ್ಲೋರೈಡ್ ಕಾರಣ ಅಂತ ಗೊತ್ತಾಗೋಕೆ 1931 ಆಯ್ತು. ನಮ್ಮ ದೇಶದಲ್ಲಿ ಫ್ಲೋರೋಸಿಸ್ ಮೊದಲು ವರದಿಯಾಗಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ.

ನಮ್ಮ ಕಡೆ ಗಟ್ಟಿ ಗ್ರಾನೈಟ್ ಜಾತಿಯ ಬಂಡೆ. ಅದರ ಸಂದಿಯಲ್ಲಿ ವರ್ಷಗಟ್ಟಲೆ ನಿಂತ ನೀರಿಗೆ ಕಲ್ಲಿನಿಂದ ಫ್ಲೋರೈಡ್ ಬಿಡ್ತದೆ. ಅದಕ್ಕೇ ಕೆರೆ ನೀರು, ಕೃಷ್ಣಾ ಕಾಲುವೆ ನೀರಿಗಿಂತ ಆಳದ ಬೋರಿನಲ್ಲಿ ತೊಂದರೆ ಹೆಚ್ಚು. ಒಂದೇ ಊರಿನ ಎರಡು ಬೋರಿಗೂ ಲೆಕ್ಕ ಬೇರೆ ಬೇರೆ ಇರಬಹುದು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ತನಕ ಸರಿ, ಬೇರೆ ನೀರೇ ಇಲ್ಲದಿದ್ರೆ 1.5 ತನಕ. ಅದಕ್ಕೂ ಬಹಳ ಹೆಚ್ಚಿನ ನೀರು ವರ್ಷಾನುಗಟ್ಟಲೆ ಕುಡಿದವರಿಗೆ ಹಲ್ಲಷ್ಟೇ ಅಲ್ಲ, ಸೊಂಟ, ಮೊಣಕಾಲು ಹಿಡಿದುಕೊಳ್ತಾವೆ.

ಕನ್ನಡಿ ಮುಂದೆ ನಿಂತು ಗುರುತಿಸಬಹುದು. ಮೇಲಿಂದ ಹತ್ತಿದ ಕಲೆ ದೊಡ್ಡವರಾದ ಮೇಲೆ ಬಂದಿರ್ತದೆ, ಒಸಡಿನ ಅಂಚಿಗೆ, ಹಲ್ಲಿನ ಸಂದಿಗೆ, ಕೆಳಹಲ್ಲಿನ ಹಿಂದೆ ಹೆಚ್ಚು. ಫ್ಲೋರೈಡ್ ಕಲೆ ಆರೇಳು ವರ್ಷಕ್ಕೆ ಹೊಸ ಹಲ್ಲು ಬಂದಾಗಿನಿಂದಲೇ ಕಾಣಿಸಿಕೊಳ್ತದೆ. ಎಡಗಡೆ ಯಾವ ಹಲ್ಲಿಗಿದೆಯೋ ಬಲಗಡೆ ಅದೇ ಹಲ್ಲಿಗೂ ಇರ್ತದೆ, ಅಡ್ಡಗೆರೆ ಎಳೆದಂಗೆ. ಮನೆಯ ಅಣ್ಣತಮ್ಮಂದಿರಿಗೆ, ಓಣಿಯ ಜೊತೆಗಾರರಿಗೂ ಅಂಥದ್ದೇ ಇದ್ರೆ ಅನುಮಾನ ಗಟ್ಟಿ. ಒಂದೇ ಒಂದು ಹಲ್ಲು ಕಪ್ಪಗಾಗಿದ್ರೆ ಅದು ಬೇರೆ ಕಥೆ. ಎಂದೋ ಬಿದ್ದು ಪೆಟ್ಟಾಗಿ ಒಳಗಿನ ನರ ಸತ್ತಿರ್ತದೆ.

ಇಂಥ ಮಕ್ಕಳು ಶಾಲೆಯಲ್ಲಿ 'ಹಲ್ಲು ತಿಕ್ಕಲ್ಲೇನು' ಅಂತ ಬೈಸಿಕೊಳ್ತಾರೆ. ದೊಡ್ಡವರಾದ ಮೇಲೆ ಹೆಣ್ಣು ನೋಡೋಕೆ ಬಂದವರ ಮುಂದೆ ಬಾಯಿಗೆ ಸೆರಗು ಅಡ್ಡ ಹಿಡೀತಾರೆ. ಅದೇ ನಾಚಿಕೆಗೆ ಸೋಡಾ, ಇದ್ದಿಲು, ಇಟ್ಟಿಗೆ ಪುಡಿ ಎಲ್ಲಾ ತಿಕ್ಕಿ ಇದ್ದ ಎನಾಮೆಲ್ ಕೂಡ ಕಳಕೊಳ್ತಾರೆ. ಅವರ ತಪ್ಪು ಏನೂ ಇಲ್ಲ. ಮೊದಲೇ ಮೆತ್ತಗಿರುವ ಎನಾಮೆಲ್ ಅದು, ಒರಟಾಗಿ ತಿಕ್ಕಲೇಬಾರದು. ದಂತವೈದ್ಯರು ಮೇಲಿನ ತೆಳು ಪದರ ಹದವಾಗಿ ಉಜ್ಜಿ ತೆಗೆಯೋದು, ಬ್ಲೀಚಿಂಗ್, ಹಲ್ಲಿನ ಬಣ್ಣದ ಲೇಪ ಹಚ್ಚೋದು ಮಾಡ್ತಾರೆ. ತಾಲೂಕು ಆಸ್ಪತ್ರೆಯ ದಂತವೈದ್ಯರಿಗೆ ಮೊದಲು ತೋರಿಸಬಹುದು. ಕಲಬುರಗಿ, ರಾಯಚೂರಿನಲ್ಲಿ ಡೆಂಟಲ್ ಕಾಲೇಜುಗಳಿವೆ, ಖಾಸಗಿ ಕ್ಲಿನಿಕ್‌ಗಿಂತ ಅಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ.

ದೊಡ್ಡವರ ಹಲ್ಲಿಗೆ ಆಗಿದ್ದು ಆಗಿಹೋಯ್ತು. ಅದೇ ಮನೆಯಲ್ಲಿ ಅದೇ ಬೋರಿನ ನೀರು ಕುಡಿಯುವ ಎರಡು ಮೂರು ವರ್ಷದ ಕೂಸು ಇದ್ರೆ, ಅದರ ಹಲ್ಲು ಈಗ ಒಳಗೆ ತಯಾರಾಗ್ತಿದೆ. ನೀರು ಕಾಯಿಸಿದ್ರೆ ಫ್ಲೋರೈಡ್ ಹೋಗಲ್ಲ, ಆವಿ ಹೋಗಿ ಇನ್ನಷ್ಟು ಗಟ್ಟಿಯಾಗ್ತದೆ. ಬಟ್ಟೆಯಲ್ಲಿ ಸೋಸಿದ್ರೂ ಅಷ್ಟೇ. ಊರಿನ ಶುದ್ಧ ಕುಡಿಯುವ ನೀರಿನ ಘಟಕ ಚಾಲೂ ಇದ್ರೆ ಆ ಆರ್‌ಒ ನೀರನ್ನು ಕೂಸಿಗೆ ಕುಡಿಯಲಿಕ್ಕೂ, ಅನ್ನ ಬೇಳೆ ಬೇಯಿಸಲಿಕ್ಕೂ ಬಳಸಬೇಕು. ಕೆಟ್ಟು ನಿಂತಿದ್ರೆ ಪಂಚಾಯ್ತಿಗೆ ಬರೆದು ಕೊಡ್ರಿ, ಬಾಯಿಮಾತಿಗೆ ದಾಖಲೆ ಇರಲ್ಲ. ಸಣ್ಣ ಮಕ್ಕಳ ಬ್ರಷ್‌ಗೆ ಪೇಸ್ಟ್ ಅಕ್ಕಿಕಾಳಿನಷ್ಟು ಸಾಕು, ನುಂಗದಂತೆ ಎದುರಿಗೆ ನಿಂತು ತಿಕ್ಕಿಸಬೇಕು.

ನೀರಿನ ರುಚಿ ನೋಡಿ ಫ್ಲೋರೈಡ್ ಹೇಳೋಕಾಗಲ್ಲ. ಇದೇ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನ ಆರ್ಸೆನಿಕ್ ಕೂಡ ರುಚಿಗೆ ತಿಳಿದಿರಲಿಲ್ಲ, ಜನರ ಚರ್ಮದ ಮೇಲೆ ಗುರುತು ಬಿದ್ದ ಮೇಲೆ ಗೊತ್ತಾಯ್ತು. ಜಲಜೀವನ ಮಿಷನ್ ಅಡಿ ಹಳ್ಳಿಗಳಲ್ಲಿ ಮಹಿಳೆಯರಿಗೆ ತರಬೇತಿ ಕೊಟ್ಟು ನೀರು ಪರೀಕ್ಷೆಯ ಕಿಟ್ ಕೊಡುವ ವ್ಯವಸ್ಥೆ ಇದೆ. ಮೊದಲು ಗ್ರಾಮ ಪಂಚಾಯ್ತಿಯಲ್ಲಿ ಕಿಟ್ ಕೇಳಿ. ಪಕ್ಕಾ ಲೆಕ್ಕ ಬೇಕಂದ್ರೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯ. ಒಂದು ಲೀಟರಿನ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ಬೋರಿನ ನೀರಿನಲ್ಲಿ ಎರಡು ಮೂರು ಸಲ ತೊಳೆದು, ತುಂಬಿ, ಯಾವ ಓಣಿಯ ಯಾವ ಬೋರು, ಯಾವತ್ತು ತುಂಬಿದ್ದು ಅಂತ ಚೀಟಿ ಅಂಟಿಸಿ ಕೊಡಬೇಕು.